ಆದಾಯದ ಪುರಾವೆ

ಕಸ್ತೂರಿ ಬಡಿಗೇರಳ ಅಂಗಡಿ
ಹಡಪಸರದಲ್ಲಿ ಒಂದು ಮೆಟ್ಟಿಲ ಕೆಳಗೆ.
ಎದ್ದರೆ ತಲೆಗೆ ಆರನೇ ಮೆಟ್ಟಿಲು ಬಡಿಯುತ್ತದೆ;
ಅದಕ್ಕೇ ಹತ್ತೊಂಬತ್ತು ವರ್ಷ ಕೂತೇ ಇದ್ದಾಳೆ.
ಫಾಲ್, ಪಿಕೋ, ಬ್ಲೌಸು, ಕೆಟ್ಟ ಜಿಪ್ಪು.

'ಮನಿ ತಗೋಬೇಕ್ರಿ' ಅಂದಳು ಒಂದಿನ
ನನ್ನ ತೋಳಿನ ಅಳತೆ ಹಿಡಿದುಕೊಂಡೇ.
'ನೀವು ದಲಾಲಿ ಮಾಡ್ತೀರಲ್ಲ, ನನಗೂ ಒಂದು ನೋಡ್ರಿ.'

ಸಂಬಳದ ಚೀಟಿ ಕೇಳಿದೆ. ನಕ್ಕಳು.
ತೆರಿಗೆಯ ಕಾಗದ ಕೇಳಿದೆ.
ಬಾಯಲ್ಲಿದ್ದ ಗುಂಡುಪಿನ್ನು ತೆಗೆಯದೆ ತಲೆಯಾಡಿಸಿದಳು.
ಸಿಬಿಲ್ ತೆಗೆಸಿದರೆ ಐನೂರ ಎಂಬತ್ತೊಂಬತ್ತು:
ಗಂಡ ರಿಕ್ಷಾಕ್ಕೆ ಸಾಲ ಮಾಡಿದಾಗ
ಜಾಮೀನಿನ ಜಾಗದಲ್ಲಿ ಇವಳ ಸಹಿ.
ರಿಕ್ಷಾ ಹೋಯಿತು, ಆಮೇಲೆ ಗಂಡನೂ ಹೋದ,
ಸಹಿ ಮಾತ್ರ ಹೋಗಲಿಲ್ಲ.

ಬಾಕಿ ಹನ್ನೊಂದು ಸಾವಿರದ ನಾನೂರು.
'ಅರ್ಧ ಕೊಟ್ಟು ಸೆಟಲ್ ಮಾಡು ಅಂತಾರೆ, ಒಪ್ಪಬೇಡ.
ಪೂರ್ತಿ ಕಟ್ಟು. ಬಾಕಿ ಇಲ್ಲ ಅಂತ ಕಾಗದ ಇಸ್ಕೋ.
ಆಮೇಲೆ ಕಾಯಬೇಕು.'
'ಎಷ್ಟು?'
'ಒಂದು ದೀಪಾವಳಿ, ಒಂದು ಲಗ್ನದ ಸೀಸನ್ನು.'
ಲೆಕ್ಕ ಹಿಡಿಯಿತು ಅವಳಿಗೆ.

ಕಾದಳು. ಆದರೆ ಪುರಾವೆ?
ಹಲಗೆಯಡಿಯಿಂದ ಎಳೆದಳು
ಎರಡು ಬಿಸ್ಕತ್ತಿನ ಡಬ್ಬಿ.
ಒಳಗೆ ರಸೀದಿಯ ಅರ್ಧಚೀಟಿಗಳು,
ಒಂದೊಂದಕ್ಕೂ ಉಗುರಗಲ ಬಟ್ಟೆ ಚುಚ್ಚಿ:
ಹೆಸರು, ತಾರೀಖು, ರೂಪಾಯಿ, ಬಣ್ಣ.

ಮೂರು ರಾತ್ರಿ ಇಬ್ಬರೂ ಕೂಡಿಸಿದೆವು.
ಶ್ರಾವಣದಲ್ಲಿ ಹಸಿರು ಜಾಸ್ತಿ. ಜೂನಿನಲ್ಲಿ ಬರೀ ಶಾಲೆಯ ನೀಲಿ.
ಇಪ್ಪತ್ತನೇ ಇಸವಿಯ ಏಪ್ರಿಲಿಗೆ ಬಟ್ಟೆಯೇ ಇಲ್ಲ,
ಮೇ ತಿಂಗಳಿಗೆ ಮಾಸ್ಕಿನ ಬಿಳಿ ತುಂಡು,
ಒಂದಕ್ಕೆ ಎಂಟು ರೂಪಾಯಿ.

ಸಾಲದ ಆಫೀಸಿನ ಗೋಗಾವಲೆ ಮೇಡಮ್ಮು
ಕಂಪ್ಯೂಟರು ಬಿಟ್ಟು ಡಬ್ಬಿಗೆ ಕೈ ಹಾಕಿದರು.
ಒಂದು ಚೂರನ್ನು ಎರಡು ಬೆರಳಲ್ಲಿ ಉಜ್ಜಿ, 'ಪೈಠಣಿ?'
ಮರಾಠಿಯಲ್ಲೇ ಹೇಳಿದಳು ಕಸ್ತೂರಿ,
ಇಂಡಿ ತಾಲೂಕಿನ ರಾಗದಲ್ಲಿ, ದನಿ ತಗ್ಗಿಸಿ:
'ಅಲ್ರಿ, ಪವರ್‌ಲೂಮು.
ಆದರ ಆ ಬಾಯಿ ಎಲ್ಲಾರಿಗೂ ಪೈಠಣಿ ಅಂತ ಹೇಳ್ಯಾಳ.
ಅದನ್ನ ಬರಕೋಬ್ಯಾಡ್ರಿ.'

ಮೇಡಮ್ಮು ನನ್ನ ಕಡೆ ನೋಡಿದರು.
ನಾನು ಕ್ಯಾಲೆಂಡರು ನೋಡಿದೆ.
ತಿಂಗಳಿಗೆ ಇಪ್ಪತ್ತೆರಡು ಸಾವಿರ ಅಂತ ಬರೆದರು,
ಇದ್ದದ್ದೇ ಅಷ್ಟು.

ಸಾಲ ಹತ್ತು ಲಕ್ಷ. ಮನೆಗೆ ಹದಿನಾಲ್ಕು.
ಭಿಶಿ, ಬಳೆ, ಎಲ್ಲ ಸೇರಿ ಎರಡೂವರೆ.
ಹೆಂಗಸಿನ ಹೆಸರಿಗಾದರೆ ಮುದ್ರಾಂಕದಲ್ಲಿ ಒಂದು ಪರ್ಸೆಂಟು ಕಡಿಮೆ;
ಗಂಡ ಬಿಟ್ಟುಹೋದದ್ದರಲ್ಲಿ ಸಿಕ್ಕ ಲಾಭ ಅದೊಂದೇ.
ಉಳಿದ ಒಂದೂವರೆಯ ಹಳ್ಳ?

ಮಾಂಜರಿಯ ಖಿಲಾರೆ ಕಾಕಾ, ರಿಟೈರಾದ ಪೋಸ್ಟ್‌ಮನ್,
ಮೂರನೇ ಮಹಡಿ ಮಾರಿ ಬಾರಾಮತಿಗೆ ಹೊರಟವರು.
'ಹದಿನೈದು ಕಂತು ಮಾಡಿ ಕಾಕಾ' ಅಂದೆ.
'ಕೊಡದಿದ್ದರೆ? ಎಲ್ಲಿ ಹುಡುಕಲಿ?'
'ಈ ವಿಳಾಸವೂ ಮರೆತುಹೋಗುತ್ತಾ ನಿಮಗೆ?'
ಕನ್ನಡಕ ಒರೆಸಿದರು. ಎರಡು ದಿನ ಬಿಟ್ಟು ಹೂಂ ಅಂದರು.

ನನ್ನ ದಲಾಲಿ ಅರ್ಧ ಬಿಟ್ಟೆ.
ಪುಣ್ಯದ ಮಾತು ಬೇಡ:
ಉಳಿದರ್ಧಕ್ಕೆ ರವಿಕೆಗಳು ಬರಬೇಕು, ನಾಲ್ಕು ಬಂದಿವೆ,
ಒಂದರ ತೋಳು ಬಿಗಿ.

ಕೀಲಿ ಸಿಕ್ಕಿದ್ದು ಮಂಗಳವಾರ.
ಬರಿದಾದ ಕೋಣೆಯಲ್ಲಿ ಮೊದಲು ನೆಟ್ಟಗೆ ನಿಂತಳು.
ಕೊರಳಿನ ಟೇಪು ತೆಗೆದು ಗೋಡೆ ಅಳೆದಳು.
'ಈ ಕಡಿ ಅರ್ಧ ಇಂಚು ಸೊಟ್ಟ ಕತ್ತರಿಸ್ಯಾರ.'
ಆಮೇಲೆ ನನ್ನನ್ನು ಹೊರಗೆ ಕಳಿಸಿದಳು.
'ಬೆಲ್ ಒತ್ರಿ. ಒಳಗ ಹೆಂಗ ಕೇಳಸ್ತದ ನೋಡ್ತೀನಿ.'

ಒತ್ತಿದೆ. ಕಾಕಾನ ಹಳೇ ಗುಬ್ಬಿ ಚಿಲಿಪಿಲಿ ಅಂದಿತು.
ಬಾಗಿಲು ತೆರೆಯಲಿಲ್ಲ.
ಇನ್ನೊಮ್ಮೆ ಒತ್ತಿದೆ.
ಬಾಡಿಗೆ ಕೇಳಲು ಬಂದವರಿಗೆಲ್ಲ
ಒದ್ದೆ ಕೈಯಲ್ಲೇ ಓಡಿ ಬಂದು ತೆರೆದವಳು
ಒಳಗಿನಿಂದ ಕೇಳಿದಳು:
'ಯಾರು ಬೇಕಾಗಿತ್ರಿ?'

ಕಸ್ತೂರಿ, ಅಂದೆ.
'ನೀವು ಯಾರು?'
ಹೆಸರು ಹೇಳಿದೆ.
'ಯಾವೂರವರು?'
ಅದನ್ನೂ ಹೇಳಿದೆ.

ಸಾವಕಾಶ ಚಿಲಕ ಸರಿಯಿತು.